ಮೊದಲ ಋತುವಿನಲ್ಲೇ ಪಟ್ಟ: ಬೆಂಗಳೂರು ಎಫ್‌ಸಿ ಮತ್ತು 2013–14ರ ಐ-ಲೀಗ್

ಬೆಂಗಳೂರು ಫುಟ್‌ಬಾಲ್ ಕ್ಲಬ್ 2013ರ ಜುಲೈ 20ರಂದು ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದು, ಎರಡೇ ತಿಂಗಳಲ್ಲಿ ದೇಶದ ಅಗ್ರ ವಿಭಾಗದ ಲೀಗಿನಲ್ಲಿ ಮೊದಲ ಪಂದ್ಯವನ್ನಾಡಿ, 2014ರ ಏಪ್ರಿಲ್ 21ರಂದು ಭಾರತದ ಚಾಂಪಿಯನ್ ಎನಿಸಿಕೊಂಡಿತು. ಹುಟ್ಟಿನಿಂದ ಪಟ್ಟದವರೆಗಿನ ಈ ಒಂಬತ್ತು ತಿಂಗಳ ಕಥನವನ್ನು ಹಣವಂತರ ತಂಡವೊಂದು ಗಳಿಸಿದ ದಿಢೀರ್ ಯಶಸ್ಸೆಂದು ಬಣ್ಣಿಸಿದವರಿದ್ದಾರೆ, ಪವಾಡವೆಂದು ಕೊಂಡಾಡಿದವರೂ ಇದ್ದಾರೆ. ಆದರೆ ಎಂಟು ದಶಕಗಳಿಂದ ಒಳ್ಳೆಯ ಆಟಗಾರರನ್ನು ಬೆಳೆಸಿ ಅನ್ಯ ನಗರಗಳಿಗೆ ಕಳಿಸಿಕೊಡುತ್ತ ಬಂದಿದ್ದ ಊರೊಂದಕ್ಕೆ ಕೊನೆಗೂ ತನ್ನದೆನ್ನುವ ತಂಡ ದೊರೆತದ್ದು ಈ ಋತುವಿನ ನಿಜವಾದ ಮಹತ್ವ, ಮತ್ತು ಅದನ್ನು ಗ್ರಹಿಸಬೇಕಾದರೆ 2013ಕ್ಕಿಂತ ಬಹಳ ಹಿಂದಿನಿಂದ ಆರಂಭಿಸಬೇಕಾಗುತ್ತದೆ.

ಅದಕ್ಕೂ ಮೊದಲು ಲೀಗ್ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಜನರಿಗೆ ಪರಿಚಿತವಾಗಿರುವುದು ಶಾಲಾ ಮೈದಾನದಲ್ಲಿ ಹೊನಲು ಬೆಳಕಿನಡಿ ನಡೆಯುವ ವಾಲಿಬಾಲ್ ಮತ್ತು ಕಬಡ್ಡಿ ಪಂದ್ಯಾವಳಿಗಳು; ಅಲ್ಲಿ ಸೋತ ತಂಡ ಆ ಕ್ಷಣವೇ ಹೊರಬೀಳುತ್ತದೆ, ಬೆಳಗಾಗುವುದರೊಳಗೆ ವಿಜೇತರು ಯಾರೆಂಬುದು ತೀರ್ಮಾನವಾಗುತ್ತದೆ. ಲೀಗ್ ಪದ್ಧತಿಯಲ್ಲಿ ಸೋತವರು ಹೊರಬೀಳುವುದಿಲ್ಲ. ಪ್ರತಿ ತಂಡವೂ ಉಳಿದೆಲ್ಲ ತಂಡಗಳನ್ನು ಎರಡೆರಡು ಬಾರಿ, ಒಮ್ಮೆ ತನ್ನ ತವರಿನ ಅಂಗಳದಲ್ಲಿ, ಇನ್ನೊಮ್ಮೆ ಎದುರಾಳಿಯ ಅಂಗಳದಲ್ಲಿ ಎದುರಿಸಿ, ಗೆಲುವಿಗೆ 3, ಸಮಬಲಕ್ಕೆ 1, ಸೋಲಿಗೆ ಸೊನ್ನೆ ಎಂಬ ಲೆಕ್ಕದಲ್ಲಿ ಅಂಕ ಕೂಡಿಸುತ್ತ ಹೋಗುತ್ತದೆ. ತಿಂಗಳುಗಟ್ಟಲೆ ನಡೆಯುವ ಈ ಆಟದ ಅವಧಿಗೇ ಋತು ಎಂದು ಹೆಸರು. ದೀಪಾವಳಿಯ ಸುಮಾರಿಗೆ ಹೊರಟು ಮಳೆಗಾಲಕ್ಕೆ ಮುನ್ನ ಮರಳುವ ಯಕ್ಷಗಾನ ಮೇಳದ ತಿರುಗಾಟಕ್ಕೆ ಇದು ಹತ್ತಿರದ್ದು, ಏಕೆಂದರೆ ಒಂದು ರಾತ್ರಿ ರಂಗ ಕಳೆಗಟ್ಟಿತು ಎಂಬ ಮಾತ್ರಕ್ಕೆ ಮೇಳ ನಿಲ್ಲುವುದಿಲ್ಲ, ಇಡೀ ತಿರುಗಾಟದಲ್ಲಿ ಕಲಾವಿದರ ಮೈ ಮತ್ತು ದನಿ ಉಳಿದುಬರಬೇಕಾಗುತ್ತದೆ.

ಈ ಪದ್ಧತಿ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದಾಗ. ಗೆಲುವಿಗೆ ಅಲ್ಲಿ ಆರಂಭದಿಂದಲೂ ಎರಡೇ ಅಂಕಗಳಿದ್ದು, ಮೂರು ಅಂಕಗಳ ನಿಯಮ ಜಾರಿಗೆ ಬಂದದ್ದು 1981ರಲ್ಲಿ. ಕಾಲಕ್ರಮದಲ್ಲಿ ಲೀಗು ಹಲವು ವಿಭಾಗಗಳಾಗಿ ಒಡೆದು, ಕೆಳ ವಿಭಾಗದಲ್ಲಿ ಮೇಲ್ಸಾಲಿಗೆ ಬಂದ ತಂಡಗಳು ಬಡ್ತಿ ಪಡೆದು ಮೇಲೇರುವ, ಮೇಲಿನ ವಿಭಾಗದಲ್ಲಿ ತಳ ಸೇರಿದ ತಂಡಗಳು ಹಿಂಬಡ್ತಿ ಪಡೆದು ಕೆಳಗಿಳಿಯುವ ಕ್ರಮ ಬೆಳೆಯಿತು. ಅಗ್ರ ವಿಭಾಗಕ್ಕೆ ಹೊಸದಾಗಿ ಬಂದ ತಂಡಕ್ಕೆ ಮೊದಲ ವರ್ಷ ಅಲ್ಲಿ ಉಳಿದುಕೊಳ್ಳುವುದೇ ಸಾಧನೆ ಎನ್ನುವಂಥ ಆ ವ್ಯವಸ್ಥೆಯಲ್ಲಿ, ಇಪ್ಸ್‌ವಿಚ್ ಟೌನ್ ಎಂಬ ಸಣ್ಣ ಊರಿನ ಕ್ಲಬ್ಬು ಆಲ್ಫ್ ರಾಮ್ಸೆಯ ಮಾರ್ಗದರ್ಶನದಲ್ಲಿ 1961–62ರಲ್ಲಿ ಮೊದಲ ಬಾರಿಗೆ ಅಗ್ರ ವಿಭಾಗದಲ್ಲಿ ಆಡಿ ಅದೇ ಋತುವಿನಲ್ಲಿ ಚಾಂಪಿಯನ್ ಆದದ್ದು ಇಂದಿಗೂ ನೆನಪಿನಲ್ಲಿ ಉಳಿದಿರುವ ಘಟನೆ. ಬೆಂಗಳೂರಿನ ಸಾಧನೆಯನ್ನು ಇಟ್ಟು ನೋಡಬಹುದಾದ ಸಾಲು ಇದೇ; ಒಂದು ವ್ಯತ್ಯಾಸವೆಂದರೆ ಇಪ್ಸ್‌ವಿಚ್ ಕೆಳಗಿನ ಮೆಟ್ಟಿಲುಗಳನ್ನು ಹತ್ತಿ ಬಂದಿತ್ತು, ಬೆಂಗಳೂರು ಎಫ್‌ಸಿ ಹತ್ತಿರಲಿಲ್ಲ. ಈ ವಿಷಯಕ್ಕೆ ಮುಂದೆ ಮರಳಬೇಕಾಗುತ್ತದೆ.

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರುಬಿಟ್ಟದ್ದು ದಂಡುಪ್ರದೇಶದಲ್ಲಿ. ಬ್ರಿಟಿಷ್ ಪಡೆಗಳ ಸೈನಿಕರು ಆಡುತ್ತಿದ್ದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಮುಂತಾದ ಬಡಾವಣೆಗಳ ದುಡಿಯುವ ಕುಟುಂಬಗಳ ಹುಡುಗರು ಕಲಿತು, ತಮ್ಮದಾಗಿಸಿಕೊಂಡರು. ಬ್ರೆಜಿಲಿನ ಆಟಗಾರ ಪೆಲೆಯ ಪ್ರತಿಮೆಯನ್ನು ಬೀದಿಯಲ್ಲಿ ನಿಲ್ಲಿಸಿಕೊಂಡಿರುವ ಗೌತಮಪುರ ಈಗಲೂ ಆ ಪರಂಪರೆಯನ್ನು ಉಳಿಸಿಕೊಂಡಿದೆ. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯು 1891ರಲ್ಲಿ ಆರಂಭವಾದಂದಿನಿಂದ ಸೈನಿಕ ತಂಡಗಳ ಸೊತ್ತಾಗಿದ್ದಾಗ, ಅದನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಆ ಕಪ್ಪು ಬೆಂಗಳೂರಿಗೇ ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬಹುಪಾಲು ಬರಿಗಾಲಿನಲ್ಲಿ ಆಡಿದ ಭಾರತ ತಂಡವು 1–2ರಿಂದ ಸೋತರೂ, ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶದ ಮೊದಲ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದುಕೊಂಡಿತು.

ಇಷ್ಟೆಲ್ಲ ಇದ್ದೂ, ಆಟವನ್ನೇ ಬದುಕಾಗಿಸಿಕೊಳ್ಳಬಯಸಿದ ಬೆಂಗಳೂರಿಗನು ಕೋಲ್ಕತ್ತದ ರೈಲು ಹತ್ತಬೇಕಾಗಿತ್ತು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. ಅವರ ಹಿಂದೆಯೂ ಮುಂದೆಯೂ ಆ ದಾರಿ ಹಿಡಿದವರ ಸಾಲು ಉದ್ದವಾಗಿದೆ. ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಸಾರ್ವಜನಿಕ ಉದ್ದಿಮೆಗಳ ತಂಡಗಳು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು, ಆಟವಾಡಲು ಬಿಡುವು ಕೊಟ್ಟು, ನಿವೃತ್ತಿಯವರೆಗೆ ಸಂಬಳದ ಭದ್ರತೆಯನ್ನು ಒದಗಿಸಿದವು. ಆ ಉಪಕಾರ ಸಣ್ಣದಲ್ಲ, ಅದರಿಂದ ನೂರಾರು ಮನೆಗಳು ನಿಂತವು. ಆದರೆ ಇಲಾಖೆಯ ತಂಡ ಕಾರ್ಖಾನೆಯದ್ದಾಗಿರುತ್ತದೆಯೇ ಹೊರತು ಊರಿನದ್ದಾಗುವುದು ಕಷ್ಟ. 1996–97ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಎಂಬ ಹೆಸರಿನಲ್ಲಿ ದೇಶವ್ಯಾಪಿ ಲೀಗು ಆರಂಭವಾಗಿ, 2007–08ರಿಂದ ಅದು ಐ-ಲೀಗ್ ಆಗಿ ರೂಪಾಂತರಗೊಂಡಾಗ, ವಿದೇಶಿ ಆಟಗಾರರನ್ನು ಕರೆತರುವ, ದುಬಾರಿ ಕರಾರುಗಳನ್ನು ಮಾಡಿಕೊಳ್ಳುವ ಕ್ಲಬ್ಬುಗಳೆದುರು ನೌಕರರ ತಂಡಗಳು ಮಂಕಾದವು. ಎರಡನೆಯ ವಿಭಾಗದಿಂದ ಬಡ್ತಿ ಪಡೆದು 2010ರಲ್ಲಿ ಐ-ಲೀಗಿಗೆ ಏರಿದ್ದ ಎಚ್‌ಎಎಲ್, 2011–12ರ ಋತುವಿನ ಕೊನೆಗೆ ಹಿಂಬಡ್ತಿ ಪಡೆದು ಹೊರಬಿದ್ದಿತು. ಮರುವರ್ಷ ದೇಶದ ಅಗ್ರ ಲೀಗಿನಲ್ಲಿ ಕರ್ನಾಟಕದ ಒಂದೇ ಒಂದು ತಂಡವೂ ಇರಲಿಲ್ಲ.

ಅದೇ ಹೊತ್ತಿಗೆ ಐ-ಲೀಗ್ ಕೂಡ ಸೊರಗುತ್ತಿತ್ತು. ಏಷ್ಯಾ ಫುಟ್‌ಬಾಲ್ ಒಕ್ಕೂಟವು ಪ್ರತಿ ಕ್ಲಬ್ಬಿಗೂ ಸ್ವತಂತ್ರ ಆಡಳಿತ, ಕಿರಿಯರ ತಂಡಗಳು, ಲೆಕ್ಕಪತ್ರ ಮುಂತಾದ ಅರ್ಹತೆಗಳನ್ನು ಕಡ್ಡಾಯ ಮಾಡಿ ಪರವಾನಗಿ ನಿಯಮಗಳನ್ನು ತಂದದ್ದರಿಂದ ಏರ್ ಇಂಡಿಯಾ ಮತ್ತು ಒಎನ್‌ಜಿಸಿಯ ಇಲಾಖಾ ತಂಡಗಳು 2013ರಲ್ಲಿ ಲೀಗಿನಿಂದ ಹೊರಹೋಗಬೇಕಾಯಿತು. ಖಾಲಿಯಾಗುತ್ತಿದ್ದ ಜಾಗಗಳನ್ನು ತುಂಬಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಹೊಸ ನಗರಗಳಿಂದ ಬರಬಯಸುವ ಬಂಡವಾಳಗಾರರಿಗೆ ನೇರ ಪ್ರವೇಶ ನೀಡಲು ಬಿಡ್ ಕರೆಯಿತು. ಹೀಗೆ ಪ್ರವೇಶ ಪಡೆದವರಲ್ಲಿ ಮುಂಬಯಿಯ ತಂಡವೊಂದು ಕಣಕ್ಕಿಳಿಯದೆ ಹಿಂದೆ ಸರಿದರೆ, ಬೆಂಗಳೂರಿನ ಹಕ್ಕು ಪಡೆದ ಜೆಎಸ್‌ಡಬ್ಲ್ಯು ಸಮೂಹ ಮಾತಿಗೆ ತಕ್ಕಂತೆ ತಂಡ ಕಟ್ಟಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಈ ಸಂಸ್ಥೆಗೆ ಕರ್ನಾಟಕ ಹೊಸದೇನೂ ಆಗಿರಲಿಲ್ಲ, ಆದರೆ ಫುಟ್‌ಬಾಲ್ ಪೂರ್ತಿ ಹೊಸದಾಗಿತ್ತು.

ತರಬೇತುದಾರರಾಗಿ ನೇಮಕಗೊಂಡ ಆ್ಯಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕಿರಿಯರ ತಂಡದಲ್ಲಿ ಬೆಳೆದು, ಇಂಗ್ಲೆಂಡಿನ ಹಲವು ಕ್ಲಬ್ಬುಗಳಲ್ಲಿ ರಕ್ಷಣಾ ಆಟಗಾರರಾಗಿ ಆಡಿ, ಬ್ಲ್ಯಾಕ್‌ಬರ್ನ್ ರೋವರ್ಸ್‌ನ ತರಬೇತಿ ಬಳಗದಲ್ಲಿ ದುಡಿದು ಬಂದವರು. ಮುಖ್ಯ ತರಬೇತುದಾರನ ಹೊಣೆ ಅವರಿಗೆ ಹೊಸತು. ಅವರು ತಂಡದ ಅಡಿಪಾಯವನ್ನು ಹಿಂಭಾಗದಿಂದ ಹಾಕಿದರು: ಗೋಲಿನ ಮುಂದಿನ ರಕ್ಷಣೆಯ ನಡುವಿಗೆ ಮಿಡಲ್ಸ್‌ಬರೋ ಕ್ಲಬ್ಬಿನಲ್ಲಿ ಬೆಳೆದ ಇಂಗ್ಲಿಷ್ ಆಟಗಾರ ಜಾನ್ ಜಾನ್ಸನ್‌ರನ್ನೂ, ಇಂಗ್ಲೆಂಡಿನಲ್ಲೇ ಆಟ ಕಲಿತ ಕೆನ್ಯಾದ ಕರ್ಟಿಸ್ ಒಸಾನೊರನ್ನೂ ಕರೆತಂದರು. ಲೈಬೀರಿಯಾದ ಜಾನಿ ಮೆನ್ಯೊಂಗರ್ ಮತ್ತು ಆಸ್ಟ್ರೇಲಿಯಾದ ಶಾನ್ ರೂನಿ ಉಳಿದಿಬ್ಬರು ವಿದೇಶಿಯರು. ವಿದೇಶಿಯರ ಕೋಟಾದಲ್ಲಿ ಏಷ್ಯಾದವರಿಗೆ ಸ್ಥಾನ ಮೀಸಲಿದ್ದು, ಆಸ್ಟ್ರೇಲಿಯಾ 2006ರಿಂದ ಏಷ್ಯಾ ಒಕ್ಕೂಟದ ಸದಸ್ಯ ರಾಷ್ಟ್ರವಾಗಿರುವುದರಿಂದ ರೂನಿ ಆ ಲೆಕ್ಕಕ್ಕೆ ಒದಗಿದರು.

ನಾಯಕತ್ವ ಸುನಿಲ್ ಚೆಟ್ರಿಯವರದ್ದು. ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್ಬುಗಳಲ್ಲಿ, ಪಂಜಾಬಿನ ಜೆಸಿಟಿಯಲ್ಲಿ, ಗೋವಾದ ಡೆಂಪೊದಲ್ಲಿ ಆಡಿದ್ದ ಅವರು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ, ಪೋರ್ಚುಗಲಿನ ಸ್ಪೋರ್ಟಿಂಗ್ ಕ್ಲಬ್ಬಿನ ‘ಬಿ’ ತಂಡದಲ್ಲಿ ಅದೃಷ್ಟ ಪರೀಕ್ಷಿಸಿ ಮರಳಿ, 2012–13ರಲ್ಲಿ ಚರ್ಚಿಲ್ ಬ್ರದರ್ಸ್ ಜತೆ ಐ-ಲೀಗ್ ಗೆದ್ದಿದ್ದರು. ಆಗಷ್ಟೇ ಚಾಂಪಿಯನ್ ಆದವನು ಹೊಸದಾಗಿ ಹುಟ್ಟಿದ ಕ್ಲಬ್ಬಿಗೆ ಬರಲು ಒಪ್ಪಿದ್ದು ಧೈರ್ಯದ ನಿರ್ಧಾರವಾಗಿತ್ತು. ಮುನ್ಪಡೆಯಲ್ಲಿ ಅವರ ಜತೆಗೆ ರಾಬಿನ್ ಸಿಂಗ್, ಬದಿಯ ರಕ್ಷಣೆಗೆ ಕೇರಳದ ರಿನೊ ಆಂಟೊ, ಗೋಲಿಗೆ ಪವನ್ ಕುಮಾರ್, ಜತೆಗೆ ಥೋಯಿ ಸಿಂಗ್, ಬೈಖೋಖೈ ಬೈಂಗೈಚೊ ಮೊದಲಾದ ಈಶಾನ್ಯದ ಹುಡುಗರು ಸೇರಿಕೊಂಡರು. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಮತ್ತು ಎನ್.ಎಸ್. ಮಂಜು ತಂಡದಲ್ಲಿದ್ದರೂ, ಸ್ಥಳೀಯರ ಸಂಖ್ಯೆ ಈ ಊರಿನ ಪರಂಪರೆಗೆ ತಕ್ಕಷ್ಟಿರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ತವರಿನ ಅಂಗಳವೆಂದು ಆಯ್ದುಕೊಂಡದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವನ್ನು. ಅಲ್ಲಿ ನೆಲಕ್ಕೆ ಹಾಸಿದ್ದು ಕೃತಕ ಹುಲ್ಲು. ಪ್ಲಾಸ್ಟಿಕ್ ಎಳೆಗಳ ಈ ಹಾಸಿನ ಮೇಲೆ ಚೆಂಡು ನಿಜವಾದ ಹುಲ್ಲಿನ ಮೇಲಿನದಕ್ಕಿಂತ ವೇಗವಾಗಿ ಉರುಳುತ್ತದೆ, ಎತ್ತರಕ್ಕೆ ಪುಟಿಯುತ್ತದೆ; ಹಾಸು ಬಿಸಿಲಿಗೆ ಕಾದು ಅಂಗಾಲನ್ನು ಸುಡುತ್ತದೆ, ಜಾರಿ ಬಿದ್ದವನ ಮೊಣಕಾಲಿನ ಚರ್ಮವನ್ನು ಸುಲಿಯುತ್ತದೆ. ಮೈದಾನದ ಅಂಚಿಗೆ ಅಂಟಿಕೊಂಡಂತಿರುವ ಗ್ಯಾಲರಿಯ ಮೆಟ್ಟಿಲುಗಳಲ್ಲಿ ಕುಳಿತವರಿಗೆ ಆಟಗಾರರು ಪರಸ್ಪರ ಕೂಗಿಕೊಳ್ಳುವುದೂ ಕೇಳಿಸುತ್ತದೆ. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಒಟ್ಟಾಗಿ ನಿಂತ ಯುವಜನರ ಗುಂಪೊಂದು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡು, ತೊಂಬತ್ತು ನಿಮಿಷವೂ ಹಾಡುತ್ತ, ಡೋಲು ಬಡಿಯುತ್ತ, ತಂಡ ಹಿಂದೆ ಬಿದ್ದಾಗ ದನಿಯನ್ನು ಇನ್ನೂ ಏರಿಸುತ್ತ ನಿಂತಿತು. ಎದುರಾಳಿಯನ್ನು ಹೀಯಾಳಿಸುವುದಕ್ಕಿಂತ ತಮ್ಮವರನ್ನು ಹುರಿದುಂಬಿಸುವುದರಲ್ಲಿ ಹೆಚ್ಚು ಉತ್ಸಾಹ ತೋರಿದ ಈ ಗುಂಪು, ಯಾವ ಇಲಾಖಾ ತಂಡಕ್ಕೂ ದಕ್ಕದಿದ್ದ ಸಂಪತ್ತು.

ಸೆಪ್ಟೆಂಬರ್ 22ರಂದು ಮೊದಲ ಪಂದ್ಯಕ್ಕೆ ಎದುರಾಳಿಯಾಗಿ ಬಂದದ್ದು 1889ರಲ್ಲಿ ಸ್ಥಾಪನೆಯಾದ ಮೋಹನ್ ಬಾಗಾನ್. ಶಾನ್ ರೂನಿ ಕ್ಲಬ್ಬಿನ ಇತಿಹಾಸದ ಮೊದಲ ಗೋಲು ಹೊಡೆದು ಮುನ್ನಡೆ ತಂದರು; ಬಾಗಾನ್‌ನ ಚಿನ್ನದೊರೈ ಸಬೀತ್ ಅದನ್ನು ಸರಿದೂಗಿಸಿದರು; ಪಂದ್ಯ 1–1ರಲ್ಲಿ ಮುಗಿಯಿತು. ಆ ಬಳಿಕ ಶಿಲ್ಲಾಂಗಿನ ರಂಗ್‌ದಜೀದ್ ಯುನೈಟೆಡ್ ವಿರುದ್ಧ ಮೊದಲ ಜಯ ಸಿಕ್ಕಿತು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸ ಮುಗಿದು ಕೊನೆಕೊಯ್ಲು ಶುರುವಾಗುವ ಹೊತ್ತಿಗೆ, ಅಂಕಪಟ್ಟಿಯ ಮೇಲ್ಸಾಲಿನಲ್ಲಿ ಬೆಂಗಳೂರಿನ ಹೆಸರು ಕಾಣಿಸಿಕೊಳ್ಳುವುದು ರೂಢಿಯಾಗತೊಡಗಿತ್ತು.

ಆ ಋತುವಿನಲ್ಲಿ ಹದಿಮೂರು ತಂಡಗಳಿದ್ದು, ಒಂದೊಂದಕ್ಕೂ 24 ಪಂದ್ಯಗಳು, ಒಟ್ಟು 156 ಪಂದ್ಯಗಳು. ಗೋವಾ, ಕೋಲ್ಕತ್ತ, ಶಿಲ್ಲಾಂಗ್, ಪುಣೆ, ಮುಂಬಯಿಗಳ ನಡುವೆ ಇಷ್ಟು ಪಂದ್ಯಗಳನ್ನು ಆಡುವುದೆಂದರೆ ಕಡಲತಡಿಯ ಸೆಕೆಯಿಂದ ಮೇಘಾಲಯದ ಚಳಿಗೆ, ಕೃತಕ ಹಾಸಿನಿಂದ ಕೆಸರು ನೆಲಕ್ಕೆ ಮೈಯನ್ನು ಒಗ್ಗಿಸಿಕೊಳ್ಳುತ್ತ ಸಾಗುವುದು. ವೆಸ್ಟ್‌ವುಡ್ ತಂಡದ ಹೆಚ್ಚುಗಾರಿಕೆ ಪ್ರಕಟವಾದದ್ದು ಇಲ್ಲಿಯೇ. ಆಟಗಾರರ ಊಟ, ನಿದ್ದೆ, ದೇಹದಾರ್ಢ್ಯ ಎಲ್ಲವನ್ನೂ ಕ್ರಮಕ್ಕೆ ತಂದು, ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲೂ ಮೊದಲ ಇಪ್ಪತ್ತು ನಿಮಿಷಗಳಷ್ಟೇ ಬಿರುಸಾಗಿ ಓಡಬಲ್ಲ ತಂಡವನ್ನು ಅವರು ಸಿದ್ಧಗೊಳಿಸಿದ್ದರು. ಆಟದ ಶೈಲಿಯಲ್ಲಿ ಅಲಂಕಾರ ಕಡಿಮೆ: ಎದುರಾಳಿ ಚೆಂಡು ಹಿಡಿದೊಡನೆ ಮೇಲೆ ಬಿದ್ದು ಒತ್ತಡ ಹೇರುವುದು, ಕಸಿದ ಚೆಂಡನ್ನು ಬೇಗನೆ ಮುಂದಕ್ಕೆ ಸಾಗಿಸುವುದು, ಮೂಲೆಯ ಒದೆತಗಳಲ್ಲಿ ಜಾನ್ಸನ್, ಒಸಾನೊ, ರಾಬಿನ್‌ರಂಥ ಎತ್ತರದವರ ತಲೆಯನ್ನು ಹುಡುಕುವುದು. ಇದರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಮುದ್ರೆ ಸ್ಪಷ್ಟವಾಗಿದ್ದರೂ, ಆ ಕಟ್ಟುನಿಟ್ಟಿನೊಳಗೆ ಚೆಟ್ರಿಯವರ ಚುರುಕುಗಾಲಿಗೆ ಬೇಕಾದ ಸ್ವಾತಂತ್ರ್ಯವನ್ನೂ ಉಳಿಸಲಾಗಿತ್ತು. ಆ ಋತುವಿನ ಲೀಗಿನಲ್ಲಿ ಅವರು ಹೊಡೆದ 14 ಗೋಲುಗಳಷ್ಟು ಬೇರಾವ ಭಾರತೀಯನೂ ಹೊಡೆಯಲಿಲ್ಲ.

ನಡುವೆ ಒಂದು ಹಿನ್ನಡೆಯೂ ಆಯಿತು. ಜನವರಿಯಲ್ಲಿ ಲೀಗಿಗೆ ಬಿಡುವು ಕೊಟ್ಟು ಕೇರಳದಲ್ಲಿ ನಡೆಸಿದ ಫೆಡರೇಷನ್ ಕಪ್ ಪಂದ್ಯಾವಳಿಯಲ್ಲಿ ತಂಡ ಗುಂಪು ಹಂತವನ್ನು ದಾಟಲಿಲ್ಲ. ಕೆಲವೇ ದಿನಗಳಲ್ಲಿ ತೀರ್ಮಾನವಾಗುವ ಕಪ್ಪಿನಲ್ಲಿ ಎಡವಿದ ತಂಡವೇ ಏಳು ತಿಂಗಳ ಲೀಗಿನಲ್ಲಿ ಎಲ್ಲರಿಗಿಂತ ಮುಂದೆ ನಿಂತದ್ದು, ಈ ತಂಡದ ಶಕ್ತಿ ಸಾತತ್ಯದಲ್ಲಿತ್ತು ಎಂಬುದಕ್ಕೆ ಸಾಕ್ಷಿ. ಪ್ರತಿಸ್ಪರ್ಧಿಗಳಲ್ಲಿ ಪ್ರಬಲವಾಗಿದ್ದ ಈಸ್ಟ್ ಬೆಂಗಾಲ್‌ನ ಕಥೆ ಇದಕ್ಕೆ ವಿರುದ್ಧವಾದದ್ದು. ಏಷ್ಯಾ ಮಟ್ಟದ ಎಎಫ್‌ಸಿ ಕಪ್ಪಿನಲ್ಲಿ ಸೆಮಿಫೈನಲ್ ತಲುಪಿದ್ದರಿಂದ ಅದರ ಲೀಗ್ ಪಂದ್ಯಗಳು ಹಿಂದೆ ಬಿದ್ದು ರಾಶಿಯಾದವು. ನವೆಂಬರಿನಲ್ಲಿ ತರಬೇತುದಾರ ಮಾರ್ಕೋಸ್ ಫಲೋಪಾ ನಿರ್ಗಮಿಸಿ, ಡೆಂಪೊ ತಂಡಕ್ಕೆ ಹಲವು ಪಟ್ಟಗಳನ್ನು ಗೆದ್ದುಕೊಟ್ಟಿದ್ದ ಅರ್ಮಾಂಡೊ ಕೊಲಾಸೊ ಬಂದರು. ಅವರ ಕೈಯಲ್ಲಿ ತಂಡ ಚೇತರಿಸಿಕೊಂಡಿತಾದರೂ ಬೆಂಗಳೂರನ್ನು ಹಿಡಿಯುವಷ್ಟು ಹೊತ್ತು ಉಳಿದಿರಲಿಲ್ಲ.

ಪಟ್ಟದ ನಿರ್ಣಯ ನಡೆದದ್ದು ಗೋವಾದಲ್ಲಿ, ಮಡಗಾಂವ್ ನಗರದ ಫತೋರ್ಡಾ ಕ್ರೀಡಾಂಗಣದಲ್ಲಿ. ಸಿದ್ದಾಪುರದಿಂದ ಲೆಕ್ಕ ಹಾಕಿದರೆ ರಾಜಧಾನಿಗಿಂತ ಇದೇ ಹತ್ತಿರ. ಕುಮಟೆಗೆ ಘಟ್ಟ ಇಳಿದು ಕಾರವಾರ ದಾಟಿದರೆ ಮುಂದಿನ ದೊಡ್ಡ ಊರು ಮಡಗಾಂವ್. ಈ ಸ್ಥಳಕ್ಕೆ ಚರಿತ್ರೆಯ ಭಾರವೂ ಇತ್ತು. ಐ-ಲೀಗ್ ಆರಂಭವಾದಂದಿನಿಂದ 2013ರವರೆಗಿನ ಆರೂ ಪಟ್ಟಗಳು ಗೋವಾದ ಪಾಲಾಗಿದ್ದವು: ಡೆಂಪೊ ಮೂರು ಬಾರಿ, ಚರ್ಚಿಲ್ ಬ್ರದರ್ಸ್ ಎರಡು ಬಾರಿ, ಸಾಲ್ಗಾಂವ್ಕರ್ ಒಂದು ಬಾರಿ ಗೆದ್ದುಕೊಂಡಿದ್ದವು. ಅದೇ ಡೆಂಪೊ ತಂಡವನ್ನು ಅದರ ನೆಲದಲ್ಲೇ ಏಪ್ರಿಲ್ 21ರಂದು 4–2ರಿಂದ ಸೋಲಿಸಿ, ಋತು ಮುಗಿಯುವ ಮೊದಲೇ ಬೆಂಗಳೂರು ಪಟ್ಟವನ್ನು ಖಚಿತಪಡಿಸಿಕೊಂಡಿತು. ಸಮಬಲಕ್ಕೆ ಆಡಿ ಅಂಕ ಉಳಿಸಿಕೊಳ್ಳುವ ಹುನ್ನಾರವಿಲ್ಲದೆ, ಪರಸ್ಥಳದಲ್ಲಿ ನಾಲ್ಕು ಗೋಲು ಹೊಡೆದು ಗೆದ್ದದ್ದು ಆ ದಿನದ ಅತ್ಯಂತ ಸಂತೋಷದ ಸಂಗತಿ. ಅಂತಿಮ ಪಟ್ಟಿಯಲ್ಲಿ ಬೆಂಗಳೂರಿಗೆ 24 ಪಂದ್ಯಗಳಲ್ಲಿ 14 ಗೆಲುವು, 5 ಸಮಬಲ, 5 ಸೋಲು, ಒಟ್ಟು 47 ಅಂಕ. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಗೋವಾದ ಹೊರಗಿನ ಕ್ಲಬ್ಬೊಂದು ಐ-ಲೀಗ್ ಗೆದ್ದದ್ದು ಅದೇ ಮೊದಲು, ಕರ್ನಾಟಕದ ತಂಡವೊಂದು ರಾಷ್ಟ್ರೀಯ ಲೀಗಿನ ಚಾಂಪಿಯನ್ ಆದದ್ದೂ ಅದೇ ಮೊದಲು.

ನೇರ ಪ್ರವೇಶದ ಪ್ರಶ್ನೆ ಇಲ್ಲಿ ಮರಳಿ ಏಳುತ್ತದೆ. ಎಚ್‌ಎಎಲ್‌ನ ನೌಕರರು ಎರಡನೆಯ ವಿಭಾಗದಲ್ಲಿ ಬೆವರು ಹರಿಸಿ ಗಳಿಸಿದ ಜಾಗವನ್ನು ಇನ್ನೊಬ್ಬರು ಬಿಡ್ ಮೂಲಕ ಪಡೆದದ್ದು ನ್ಯಾಯವೇ ಎಂದು ಕೇಳಿದವರ ಪ್ರಶ್ನೆ ಸುಳ್ಳಲ್ಲ, ಮತ್ತು ಪಟ್ಟ ಗೆದ್ದ ಮಾತ್ರಕ್ಕೆ ಅದು ಅಳಿದುಹೋಗುವುದೂ ಇಲ್ಲ. ಬಡ್ತಿ-ಹಿಂಬಡ್ತಿಯ ಏಣಿಯೇ ಲೀಗಿನ ಜೀವ. ಅದನ್ನು ತಪ್ಪಿಸಿದಾಗ ಕೆಳಗಿನ ಮೆಟ್ಟಿಲಿನಲ್ಲಿರುವ ನೂರು ಕ್ಲಬ್ಬುಗಳ ಆಸೆ ಬಾಡುತ್ತದೆ. ಆದರೆ ಹಣವೊಂದೇ ಪಟ್ಟ ತಂದಿತೆಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಹಣ ಸುರಿದ ಕ್ಲಬ್ಬುಗಳು ಆ ಲೀಗಿನಲ್ಲಿ ಬೇರೆಯೂ ಇದ್ದವು. ಅದೇ ಋತುವಿನಲ್ಲಿ ಫೆಡರೇಷನ್ ಕಪ್ ಗೆದ್ದ ಚರ್ಚಿಲ್ ಬ್ರದರ್ಸ್, ಪರವಾನಗಿಯ ಅರ್ಹತೆಗಳನ್ನು ಪೂರೈಸಲಾಗದೆ ಮರುವರ್ಷ ಲೀಗಿನಿಂದ ಹೊರಬಿದ್ದಿತು. ಹೊಸ ಕ್ಲಬ್ಬು ಕಚೇರಿ, ತರಬೇತಿ, ಅಭಿಮಾನಿಗಳೊಡನೆ ನಂಟು ಎಲ್ಲದರಲ್ಲೂ ಶಿಸ್ತನ್ನು ತಂದು, ಕ್ಲಬ್ಬು ನಡೆಸುವುದೂ ಒಂದು ವೃತ್ತಿ ಎಂದು ತೋರಿಸಿಕೊಟ್ಟಿತು.

ಉತ್ತರ ಕನ್ನಡದ ಘಟ್ಟದ ತಾಲ್ಲೂಕುಗಳಲ್ಲಿ ಈ ಪಟ್ಟದ ಸದ್ದು ಸಣ್ಣದಾಗಿಯೇ ಕೇಳಿಸಿತು. ನೂರು ಮೀಟರಿಗೂ ಮಿಕ್ಕಿ ಉದ್ದ, ಎಪ್ಪತ್ತರ ಆಸುಪಾಸು ಅಗಲದ ಸಪಾಟು ಮೈದಾನವನ್ನು ಫುಟ್‌ಬಾಲ್ ಬೇಡುತ್ತದೆ. ಬೆಟ್ಟ-ಕಣಿವೆಗಳ ಈ ಸೀಮೆಯಲ್ಲಿ ಸಮತಟ್ಟಾದ ನೆಲವೆಲ್ಲ ಗದ್ದೆ ಇಲ್ಲವೇ ತೋಟ, ಅದರ ಮೇಲೆ ನಾಲ್ಕು ತಿಂಗಳ ಜಡಿಮಳೆ. ಸಣ್ಣ ಅಂಗಳದಲ್ಲಿ ಆಡಬಹುದಾದ ಕಬಡ್ಡಿ, ವಾಲಿಬಾಲ್ ಇಲ್ಲಿ ಬೆಳೆದದ್ದಕ್ಕೆ ನೆಲವೇ ಅರ್ಧ ಕಾರಣ. ಪ್ರತಿಭೆಯ ಕೊರತೆಯಂತೂ ಇಲ್ಲಿರಲಿಲ್ಲ: 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹುಡುಗ ಹುಡುಗಿಯರನ್ನು ಆಯ್ದು ಓಟ, ಹರ್ಡಲ್ಸ್ ಮುಂತಾದ ಸ್ಪರ್ಧೆಗಳಿಗೆ ತರಬೇತಿ ಕೊಟ್ಟಾಗ, ಅವರಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಮಿಂಚಿದ್ದರು; ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಗಿ ಬಹುಪಾಲು ಮಂದಿ ಕಾಡಿನ ಅಂಚಿನ ಕೂಲಿ ಬದುಕಿಗೆ ಮರಳಿದರು. ಆಯ್ದವರನ್ನು ದಶಕಗಟ್ಟಲೆ ಕೈಬಿಡದೆ ಪೋಷಿಸುವ ಸಂಸ್ಥೆ ಇದ್ದರೆ ಮಾತ್ರ ಪ್ರತಿಭೆ ಉಳಿಯುತ್ತದೆ ಎಂಬ ದೃಷ್ಟಿಯಿಂದ, ಬೆಂಗಳೂರು ಎಫ್‌ಸಿ ಮುಂದೆ ಬಳ್ಳಾರಿ ಸೀಮೆಯಲ್ಲಿ ಕಿರಿಯರಿಗಾಗಿ ವಸತಿ ಅಕಾಡೆಮಿಯನ್ನು ನಡೆಸಿದ್ದು ಪಟ್ಟಕ್ಕಿಂತ ಕಡಿಮೆ ತೂಕದ ಸಂಗತಿಯಲ್ಲ.

ಚಾಂಪಿಯನ್ ತಂಡ ಮರುಋತುವಿಗೆ ಅಶೋಕನಗರದಿಂದ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ನೆಲೆ ಬದಲಿಸಿತು. 2015ರ ಜನವರಿಯಲ್ಲಿ, ಒಂದು ವರ್ಷದ ಹಿಂದೆ ಎಡವಿದ್ದ ಫೆಡರೇಷನ್ ಕಪ್ಪನ್ನು ಡೆಂಪೊ ವಿರುದ್ಧ 2–1ರಿಂದ ಗೆದ್ದುಕೊಂಡಿತು. ಐ-ಲೀಗ್ ವಿಜೇತರಿಗೆ ಆಗ ದಕ್ಕುತ್ತಿದ್ದ ಹಕ್ಕಿನಂತೆ ಅದೇ ಫೆಬ್ರವರಿಯಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯಕ್ಕಾಗಿ ಮಲೇಷ್ಯಾಕ್ಕೆ ಹೋಗಿ, ಜೊಹೊರ್ ದಾರುಲ್ ತಾಜಿಮ್ ಕ್ಲಬ್ಬಿನೆದುರು ಹೆಚ್ಚುವರಿ ಸಮಯದವರೆಗೂ ಸೆಣಸಿ 1–2ರಿಂದ ಸೋತಿತು. ಅಲ್ಲಿಂದ ಎಎಫ್‌ಸಿ ಕಪ್ಪಿಗೆ ಇಳಿದ ತಂಡ, 2015–16ರಲ್ಲಿ ಮತ್ತೊಮ್ಮೆ ಐ-ಲೀಗ್ ಪಟ್ಟ ಗೆದ್ದು, ಆಲ್ಬರ್ಟ್ ರೋಕಾ ತರಬೇತುದಾರರಾಗಿದ್ದಾಗ 2016ರ ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿನ ವಿರುದ್ಧ ಎಎಫ್‌ಸಿ ಕಪ್ಪಿನ ಫೈನಲ್ ಆಡಿತು. ಒಂದೇ ಗೋಲಿನಿಂದ ಸೋತರೂ, ಆ ಪಂದ್ಯಾವಳಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು ಅದಾಗಿತ್ತು.